ಅಂಚಿನಾಚೆ ನಿಂತವಳು

“ಗುರುಗಳೇ, ಚಿತ್ರದಲ್ಲಿ ಬೇಡದ್ದನ್ನು ಗುರುತೇ ಸಿಗದ ಹಾಗೆ ಅಳಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಮೂವತ್ತು ವರ್ಷಗಳಿಂದ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದವರು. ಶಿಷ್ಯ ಅವರ ಮುಂದಿಟ್ಟ ಚಿತ್ರದಲ್ಲಿ ಒಂದು ಪಿಕಳಾರ ಹಕ್ಕಿ ಇತ್ತು. ಅವನ ಮನೆಯ ಹಿತ್ತಲಿನ ನುಗ್ಗೆ ಕೊಂಬೆಯ ಮೇಲೆ ಅದು ಕುಳಿತಿತ್ತು. ಜುಟ್ಟಿನ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಎಡಗಡೆಯ ಅಂಚಿನಲ್ಲಿ ಮಾತ್ರ ಒಂದು ಹಳದಿ ಮಸುಕು ಬಂದು ಸೇರಿಕೊಂಡಿತ್ತು. ಶಿಷ್ಯ ಅದರ ಮೇಲೆ ಬೆರಳಿಟ್ಟು, “ಇದೊಂದೇ ಕಾಟ” ಎಂದ.

“ಹಕ್ಕಿ ಚೆನ್ನಾಗಿ ಬಂದಿದೆ” ಎಂದರು ಗುರುಗಳು. “ಅದು ನೋಡುತ್ತಿರುವ ಕಡೆ ಜಾಗವನ್ನೂ ಬಿಟ್ಟಿದ್ದೀಯ. ಇಷ್ಟು ಕಲಿಯುವುದಕ್ಕೆ ಎರಡು ವರ್ಷ ನನ್ನ ತಲೆ ತಿಂದೆ, ಇರಲಿ. ಅಳಿಸುವುದನ್ನು ಕಲಿಸಲು ಎರಡು ನಿಮಿಷ ಸಾಕು. ಮೊದಲು ಒಂದು ಕತೆ ಕೇಳು.”

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಕೈಗೆ ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅವನು ಅಂಗಡಿಯನ್ನು ಮಧ್ಯಾಹ್ನದ ನಂತರವಷ್ಟೇ ತೆರೆಯುತ್ತಿದ್ದ. ಬೆಳಗಿನ ಹೊತ್ತು ಹಿತ್ತಲಿನಲ್ಲಿ ಕುಳಿತು ಹಕ್ಕಿಗಳ ಫೋಟೊ ತೆಗೆಯುತ್ತಿದ್ದ. ಅವನಿಗೆ ಕಲಿಸಿದವನು ನಾನೇ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿ ಎಂದೆ, ಮಣೆ ಹಾಕಿಕೊಂಡು ಕುಳಿತ. ಹಕ್ಕಿಯನ್ನು ನಟ್ಟನಡುವೆ ಕೂರಿಸಬೇಡ ಎಂದೆ, ಕೂರಿಸಲಿಲ್ಲ. ಗುಂಡಿ ಒತ್ತುವ ಮೊದಲು ನಾಲ್ಕೂ ಅಂಚು ನೋಡು, ಹಕ್ಕಿಗೆ ಸಂಬಂಧಪಡದ್ದು ಅಲ್ಲಿ ಏನೂ ಇರಬಾರದು ಎಂದೆ. ಆ ಮಾತು ಅವನಿಗೆ ಬಹಳ ಹಿಡಿಸಿತು. ಗಡಿಯಾರದೊಳಗಿನ ಧೂಳಿನ ಕಣವನ್ನು ಚಿಮಟದಲ್ಲಿ ಎತ್ತಿ ತೆಗೆದವನು ಅವನು.

ಹಿತ್ತಲೇನೂ ದೊಡ್ಡದಲ್ಲ. ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ತಂತಿ, ಮರದ ಬುಡದಲ್ಲಿ ಒಂದು ಮಣ್ಣಿನ ತಟ್ಟೆ. ಪ್ರತಿದಿನ ಬೆಳಿಗ್ಗೆ ಆ ತಟ್ಟೆಗೆ ನೀರು ತುಂಬಿ, ಪಕ್ಕದಲ್ಲಿ ಪಪ್ಪಾಯಿ ಹೋಳು ಇಡುತ್ತಿದ್ದವಳು ಅವನ ಹೆಂಡತಿ. ಹಕ್ಕಿಗಳು ಬರುತ್ತಿದ್ದದ್ದು ಅವಳ ಕೈ ನೋಡಿ. ಅವಳು ಪಕ್ಕದಲ್ಲೇ ಬಟ್ಟೆ ಕುಕ್ಕುತ್ತಿದ್ದರೂ ಅವು ಹೆದರುತ್ತಿರಲಿಲ್ಲ. ಅವನಿಗೆ ಮಾತ್ರ ಅವಳು ಅಡ್ಡ ಬರುತ್ತಿದ್ದಳು. ಒಮ್ಮೆ ಹಕ್ಕಿಯ ಹಿಂದೆ ಅವಳ ಸೀರೆಯ ಬಣ್ಣ, ಒಮ್ಮೆ ಅಂಚಿನಲ್ಲಿ ಅವಳ ಮೊಣಕೈ. ಮಾತಾಡಿದರೆ ಹಕ್ಕಿ ಹಾರುತ್ತದೆಂದು ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಎಡಗೈ ಬೀಸುತ್ತಿದ್ದ. ಆಚೆ ಸರಿ ಎಂದು ಅದರ ಅರ್ಥ. ಅವಳು ಸರಿಯುತ್ತಿದ್ದಳು.

ಒಂದು ದಿನ ಅವಳು, “ರೀ, ನಂದೂ ಒಂದು ತೆಗೀರಿ. ಸೀರೆ ಹೊಸದು” ಎಂದಳು. ಹಸಿರು ಸೀರೆ, ನೇರಳೆ ಅಂಚು.

“ಎಳೆಬಿಸಿಲು ಹೋಗ್ತಿದೆ ಕಣೇ. ನಾಳೆ ತೆಗೀತೀನಿ, ಈಗ ಸ್ವಲ್ಪ ಆಚೆ ಸರಿ” ಎಂದ ಅವನು.

ಸರಿಯದೆ ಉಳಿದದ್ದನ್ನು ಅವನು ಕಂಪ್ಯೂಟರಿನಲ್ಲಿ ಸರಿಮಾಡುತ್ತಿದ್ದ. ತಂತಿಯನ್ನು ಅಳಿಸಿದ. ಕಲ್ಲನ್ನು ಅಳಿಸಿದ. ಸೀರೆಯ ಮೇಲೆ ಎಲೆಯ ಬಣ್ಣ ಬಳಿದ. ಮೊಣಕೈ ಬಂದ ಅಂಚನ್ನು ಕತ್ತರಿಸಿದ. ಹಕ್ಕಿಯ ಕಣ್ಣಿನಲ್ಲಿ ಎದುರಿಗಿರುವ ಮನೆ, ಬಾಗಿಲು ಎಲ್ಲ ಸಣ್ಣದಾಗಿ ಮೂಡುತ್ತವೆ. ಅದನ್ನೂ ಒರೆಸಿ, ಅಲ್ಲಿ ಒಂದು ಬಿಳಿ ಚುಕ್ಕಿ ಇಡುತ್ತಿದ್ದ. ಚುಕ್ಕಿ ಇಟ್ಟರೆ ಕಣ್ಣಿಗೆ ಜೀವ ಬರುತ್ತದೆ. ಅದನ್ನು ಹೇಳಿಕೊಟ್ಟವನೂ ನಾನೇ. ತಿದ್ದಿದ ಮೇಲೆ ಮೂಲ ಚಿತ್ರವನ್ನು ಅವನು ಉಳಿಸಿಕೊಳ್ಳುತ್ತಿರಲಿಲ್ಲ. ಮೂಲ ಇಟ್ಟುಕೋ ಎಂದರೆ, ತೆಗೆದ ಕೊಳೆಯನ್ನು ಯಾರಾದರೂ ಎತ್ತಿಡುತ್ತಾರೆಯೇ ಎಂದು ನಗುತ್ತಿದ್ದ. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಅವನ ಚಿತ್ರಗಳನ್ನು ನೋಡಿದವರು, ನಿಮ್ಮ ಮನೆ ಕಾಡಿನೊಳಗಿದೆಯೇ ಎಂದು ಕೇಳುತ್ತಿದ್ದರು. ಅವನಿಗೆ ಹೆಮ್ಮೆಯಾಗುತ್ತಿತ್ತು. ಸುಳ್ಳೇಕೆ, ನನಗೂ ಆಗುತ್ತಿತ್ತು.

ಒಂದು ಮಳೆಗಾಲದಲ್ಲಿ ಹೆಂಡತಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು. ಕಳಿಸುವಾಗ ಅವಳಿಗೆ ಅದೇ ಹಸಿರು ಸೀರೆ ಉಡಿಸಿದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮುಂಚೆ ಅವಳ ತಂಗಿ ಬಂದು, “ಭಾವ, ಅಕ್ಕಂದು ಒಂದು ಒಳ್ಳೆ ಫೋಟೊ ಕೊಡಿ. ಕಟ್ಟು ಹಾಕ್ಸಿ ಹಾರ ಹಾಕ್ಬೇಕು” ಎಂದಳು.

ಅವನು ಹುಡುಕಲು ಕುಳಿತ. ಮದುವೆಯ ಫೋಟೊ ಒಂದಿತ್ತು. ಅದರಲ್ಲಿ ಅವಳು ತಲೆ ತಗ್ಗಿಸಿದ್ದಳು, ಮುಖವನ್ನು ಬಾಸಿಂಗ ಮುಚ್ಚಿತ್ತು. ಹದಿನಾಲ್ಕು ವರ್ಷದ ಹಕ್ಕಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದ. ಹಕ್ಕಿ ಇತ್ತು, ಕೊಂಬೆ ಇತ್ತು, ಹಸಿರು ಇತ್ತು. ಅವಳು ಎಲ್ಲಿಯೂ ಇರಲಿಲ್ಲ. ಕೆಲವು ಚಿತ್ರಗಳಲ್ಲಿ ಅವಳು ಇದ್ದ ಜಾಗ ಅವನಿಗೆ ನೆನಪಿತ್ತು. ಅಲ್ಲಿ ಅವನೇ ಬಳಿದ ಎಲೆಗಳಿದ್ದವು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬಳಿದ ಎಲೆ ಯಾವುದು, ಮರದ ಎಲೆ ಯಾವುದು ಎಂದು ಅವನಿಗೂ ಗೊತ್ತಾಗಲಿಲ್ಲ. ಕೊನೆಗೆ ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಊಟಕ್ಕೆ ಬಂದವರಲ್ಲಿ ಇಬ್ಬರು, ಇದು ಯಾರು ಎಂದು ಕೇಳಿದರು.

ಕಾರ್ಯ ಮುಗಿದ ಮೇಲೆ ಅವನು ಹಿತ್ತಲಿಗೆ ಹೋಗಿ ಕುಳಿತ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಟ್ಟೆಗೆ ತಾನೇ ನೀರು ಹಾಕಿದ, ಹಣ್ಣು ಇಟ್ಟ. ಆರು ದಿನ ಒಂದು ಹಕ್ಕಿಯೂ ಇಳಿಯಲಿಲ್ಲ. ಏಳನೆಯ ದಿನ ಒಂದು ಕೆಂಬೂತ ಬಂತು. ಹಣ್ಣನ್ನು ಅದು ಮುಟ್ಟಲಿಲ್ಲ. ತಟ್ಟೆಯ ಅಂಚಿನಲ್ಲಿ ಕುಳಿತು, ಕೆಂಪು ಕಣ್ಣಿನಿಂದ ಅವನ ಹೆಗಲಿನ ಮೇಲಿಂದ ಅವನ ಹಿಂದಕ್ಕೆ ನೋಡಿತು. ಅವನು ಗುಂಡಿ ಒತ್ತಿದ.

ಎಂದಿನಂತೆ ಹಕ್ಕಿಯ ಕಣ್ಣಿನಲ್ಲಿ ಮೂಡಿದ್ದನ್ನು ಒರೆಸಲೆಂದು ಚಿತ್ರವನ್ನು ದೊಡ್ಡದು ಮಾಡಿದ. ಕಣ್ಣಿನ ನಡುವಿನ ಕಪ್ಪಿನಲ್ಲಿ ಮನೆ ಇತ್ತು. ಹಿಂಬಾಗಿಲು ಇತ್ತು. ಮಣೆಯ ಮೇಲೆ ಕ್ಯಾಮೆರಾ ಹಿಡಿದು ಕುಳಿತ ಅವನಿದ್ದ. ಅವನ ಬೆನ್ನಿಗೆ ತಾಗುವ ಹಾಗೆ ಇನ್ನೊಬ್ಬರು ನಿಂತಿದ್ದರು. ಮುಖ ಸಾಸಿವೆಯಷ್ಟೂ ಇರಲಿಲ್ಲ. ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಯ ಮೇಲೆ ಬಾಗಿದ. ಪರದೆಗೆ ಭೂತಗನ್ನಡಿ ಹಿಡಿದರೆ ಬಣ್ಣದ ಚುಕ್ಕಿಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಆದರೂ ಮಧ್ಯಾಹ್ನದವರೆಗೆ ಹಾಗೆಯೇ ಬಾಗಿದ್ದ. ಒಂದು ಚುಕ್ಕಿ ಹಸಿರು, ಪಕ್ಕದ್ದು ನೇರಳೆ.

ಮರುದಿನ ಕೆಂಬೂತ ಮತ್ತೆ ಬಂತು. ಈ ಸಲ ಮುಖ ಸಿಗಲಿ ಎಂದು ಅವನು ಇನ್ನೂ ಹತ್ತಿರದಿಂದ ತೆಗೆದ. ಹಕ್ಕಿ ಕದಲಲಿಲ್ಲ. ಕಣ್ಣಿನೊಳಗಿದ್ದವಳು ಒಗೆಯುವ ಕಲ್ಲಿನ ಬಳಿ ಇದ್ದಳು, ನಿನ್ನೆಗಿಂತ ನಾಲ್ಕು ಹೆಜ್ಜೆ ಹಿಂದೆ. ಅದರ ಮರುದಿನ ಹೊಸಿಲಿನ ಮೇಲೆ ಇದ್ದಳು. ನಾಲ್ಕನೆಯ ದಿನ ಬಾಗಿಲಿನೊಳಗಿನ ಕತ್ತಲೆಯಲ್ಲಿ ಸೀರೆಯ ಅಂಚಷ್ಟೇ ಕಂಡಿತು. ಪ್ರತಿ ಸಲವೂ ಅವನು ಗಕ್ಕನೆ ತಿರುಗಿ ನೋಡಿದ್ದ. ಹಿತ್ತಲಿನಲ್ಲಿ ಅವನು ಮತ್ತು ಹಕ್ಕಿ, ಇಬ್ಬರೇ.

ನಾಲ್ಕೂ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅವನಿಗೆ ಅರ್ಥವಾಯಿತು. ಅವನು ಕ್ಯಾಮೆರಾ ಎತ್ತಿದಾಗಲೆಲ್ಲ ಅವಳು ಆಚೆ ಸರಿಯುತ್ತಿದ್ದಳು. ಹದಿನಾಲ್ಕು ವರ್ಷ ಕೈ ಬೀಸಿ ಅವನು ಕಲಿಸಿದ್ದು ಅದನ್ನೇ. ಅವನು ಅಲ್ಲಿಯೇ ತಲೆಯ ಮೇಲೆ ಕೈ ಹೊತ್ತು ಅತ್ತ. ಅವಳು ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಐದನೆಯ ದಿನ ಅವನು ಹಕ್ಕಿಗೆ ಬೆನ್ನು ಹಾಕಿದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಾಗಿಲಿನ ಕಡೆ ತಿರುಗಿಸಿದ. ಮದುವೆಯಾದಂದಿನಿಂದ ‘ಇವಳೇ’ ಎಂದು ಕರೆದವನು ಅಂದು ಮೊದಲ ಸಲ ಹೆಸರು ಹಿಡಿದು ಕರೆದ.

“ಪಂಕಜಾ, ಸರೀಬೇಡ ಕಣೇ. ಚಿತ್ರದೊಳಕ್ಕೆ ಬಾ.”

ಗುಂಡಿ ಒತ್ತಿದ. ಚಿತ್ರದಲ್ಲಿ ಬಾಗಿಲಿತ್ತು, ಹೊಸಿಲಿತ್ತು, ಯಾರೂ ಇರಲಿಲ್ಲ. ಆದರೆ ಅವನು ನನ್ನ ಶಿಷ್ಯನಲ್ಲವೇ, ಅಭ್ಯಾಸಬಲದಿಂದ ನಾಲ್ಕೂ ಅಂಚು ನೋಡಿದ. ಬಲಗಡೆಯ ಅಂಚಿನಲ್ಲಿ ನಾಲ್ಕು ಬೆರಳಗಲ ಹಸಿರು ಸೀರೆ ಇತ್ತು. ಅದನ್ನು ಹಿಡಿದುಕೊಂಡ ಎರಡು ಬೆರಳಿದ್ದವು. ಉಳಿದವಳು ಅಂಚಿನ ಆಚೆಗಿದ್ದಳು. ಒಳಗಿದ್ದದ್ದನ್ನು ಕತ್ತರಿಸಿ ಹೊರಹಾಕುವ ಸಾಧನ ಅವನ ಕಂಪ್ಯೂಟರಿನಲ್ಲಿತ್ತು. ಹೊರಗೆ ನಿಂತವರನ್ನು ಒಳಗೆ ತರುವುದು ಇರಲಿಲ್ಲ.

ಅವನು ಕ್ಯಾಮೆರಾವನ್ನು ಒಂದು ಗೇಣು ಬಲಕ್ಕೆ ತಿರುಗಿಸಿ ಮತ್ತೆ ತೆಗೆದ. ಬಾಗಿಲು ಅರ್ಧವಾಯಿತು, ಗೋಡೆ ಬಂತು. ಬಲಗಡೆಯ ಅಂಚಿನಲ್ಲಿ ಅಷ್ಟೇ ಸೀರೆ, ಅವೇ ಎರಡು ಬೆರಳು. ಇನ್ನೊಂದು ಗೇಣು ತಿರುಗಿಸಿದ. ಒಗೆಯುವ ಕಲ್ಲು ಬಂತು, ಅದರ ಪಕ್ಕದಲ್ಲಿ ಮತ್ತೆ ಅದೇ ಅಂಚು. ಹಾಗೆಯೇ ತಂತಿ ಬಂತು, ಸೀಬೆ ಮರ ಬಂತು, ಮಣ್ಣಿನ ತಟ್ಟೆ ಬಂತು. ತಟ್ಟೆಯ ಮೇಲೆ ಕೆಂಬೂತ ಕುಳಿತಿತ್ತು. ಅದು ಅಂಚಿನಾಚೆಗೆ ಕತ್ತೆತ್ತಿ, ತನಗೆ ಹಣ್ಣು ಇಟ್ಟವಳನ್ನು ನೋಡುವ ಹಾಗೆ ನೋಡುತ್ತಿತ್ತು. ಒಂದು ಸುತ್ತು ಮುಗಿದು ಮತ್ತೆ ಬಾಗಿಲು ಬಂತು. ಅವನು ನಿಲ್ಲಿಸಲಿಲ್ಲ.

ನಾನು ಅವನನ್ನು ನೋಡಲು ಹೋಗಿದ್ದೆ. ಅಂಗಡಿಗೆ ಬೀಗ ಬಿದ್ದಿತ್ತು. ಹಿತ್ತಲಿನಲ್ಲಿ ಅವನು ಕ್ಯಾಮೆರಾ ತಿರುಗಿಸುತ್ತಲೇ ಇದ್ದ. ಸ್ಟ್ಯಾಂಡಿನ ಮೂರು ಕಾಲೂ ನೆಲದಲ್ಲಿ ಕುಳಿ ಕೊರೆದಿದ್ದವು. ಅವನು ನನಗೆ ಚಿತ್ರಗಳನ್ನು ತೋರಿಸಿದ. ಅಂಚುಗಳನ್ನು ನಾನೂ ನೋಡಿದೆ. ನೋಡಿದ್ದನ್ನು ಹೇಳಲಾರೆ. ನಾಲ್ಕೂ ಅಂಚು ನೋಡು ಎಂದು ಕಲಿಸಿದ ಮಾತು ತಪ್ಪಲ್ಲ, ನಾಳೆ ಇನ್ನೊಬ್ಬನಿಗೂ ಅದನ್ನೇ ಕಲಿಸುತ್ತೇನೆ. ಆದರೆ ಅಂದಿನಿಂದ ಆ ಮಾತು ಹೇಳುವಾಗ ನನಗೆ ಹೆದರಿಕೆಯಾಗುತ್ತದೆ. ಹೊರಡುವಾಗ ಅವನ ಪಕ್ಕದಲ್ಲಿ ಹಾದು ಬರಬೇಕಾಯಿತು. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಅವನು ನನ್ನ ಕಡೆ ಎಡಗೈ ಬೀಸಿದ. ನಾನು ಸರಿದು ನಿಂತೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಕೊನೆಗೆ ಅವನಿಗೆ ಅವಳ ಮುಖ ಸಿಕ್ಕಿತೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಮೇಜಿನ ಮೇಲಿದ್ದ ಪಿಕಳಾರದ ಚಿತ್ರವನ್ನು ಶಿಷ್ಯನ ಕಡೆಗೆ ತಿರುಗಿಸಿ, ಎಡಗಡೆಯ ಅಂಚಿನ ಹಳದಿ ಮಸುಕಿನ ಮೇಲೆ ಬೆರಳಿಟ್ಟರು.

“ಅಳಿಸಿಕೊಡುತ್ತೇನೆ, ಮೊದಲು ಇದರ ಹೆಸರು ಹೇಳು.”

ಶಿಷ್ಯ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. ಹಳದಿ ಮಸುಕಿನಲ್ಲಿ, ಹಿತ್ತಲಿನಲ್ಲಿ ನಿಂತವಳ ಸೆರಗಿನ ಮಡಿಕೆ ಕಂಡಿತು.