ಎಣ್ಣೆ ಒಲ್ಲದ ಚೈನು

"ಕೇಳಿರಯ್ಯಾ ಕೇಳಿ! ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ಅಮಾವಾಸ್ಯೆಯಂದು ತಲೆ ಹೋಗುವುದು!"

ಕೆಮ್ಮಣ್ಣುಕೋಟೆಯಲ್ಲಿ ಹೀಗೆ ಡಂಗುರ ಸಾರಿದರು. ಆ ಸೀಮೆಯ ಗುಡ್ಡದೂರುಗಳಿಗೆ ಔಷಧ ಒಯ್ಯುತ್ತಿದ್ದವರು ಅರಮನೆಯ ಸೈಕಲ್ ಸವಾರರು. ಕೆಂಧೂಳಿಗೆ ಚೈನು ಸವೆದು ತುಂಡಾಗಿ ಔಷಧ ದಾರಿಯಲ್ಲೇ ಉಳಿಯುತ್ತಿತ್ತು. ಅದಕ್ಕೆ ಉಪಾಯ ಬಲ್ಲವರನ್ನು ಹುಡುಕಲೆಂದೇ ರಾಜಕುಮಾರಿ ಚಂಪಕದೇವಿ ಒಗಟು ಕಟ್ಟಿದ್ದಳು. ತಲೆ ತೆಗೆಯುವ ಮಾತು ಸೇರಿಸಿದವನು ಅವಳ ತಂದೆ, ಮುಂಗೋಪಿ ಅರಸ.

ಜೇನು ಇಳಿಸಿ, ಸೈಕಲ್ ರಿಪೇರಿ ಮಾಡಿ ಬದುಕುತ್ತಿದ್ದ ಬೈರಲಿಂಗ ಅರಮನೆಗೆ ಹೊರಟಾಗ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮಣ್ಣ ತಪ್ಪು ಹೇಳಿ ಸೆರೆಯಲ್ಲಿದ್ದಾರೆ. ನೀನೂ ಹೋಗ್ಬೇಕಾ, ಬೈರಾ?"

"ಅಣ್ಣನ್ನ ಕರ್ಕೊಂಡು ಬರೋಕೇ ಹೋಗ್ತಿದೀನಿ, ಅತ್ತಿಗೆ."

ಸಭೆಯಲ್ಲಿ ಅವನ ಜೊತೆ ಒಬ್ಬ ಪಾಳೆಯಗಾರನ ಮಗ, ಒಬ್ಬ ಪಂಡಿತ ನಿಂತಿದ್ದರು.

"ಮನೆಯವರನ್ನು ಓಡಿಸಿ ಮನೆಯನ್ನೇ ಹೊತ್ತು ತಂದೆವು," ಎಂದಳು ರಾಜಕುಮಾರಿ. "ಬೆಂಕಿಗೆ ಅದು ನೀರಾಯಿತು, ನೀರಿಗೆ ಕಲ್ಲಾಯಿತು. ಏನದು?"

"ಬೆಣ್ಣೆ," ಎಂದ ಪಾಳೆಯಗಾರನ ಮಗ. ಭಟರು ಅವನನ್ನು ಎಳೆದೊಯ್ದರು. ಪಂಡಿತ ತಲೆ ಕೆರೆದುಕೊಂಡ.

"ಜೇನುಮೇಣ, ತಾಯಿ," ಎಂದ ಬೈರಲಿಂಗ.

ರಾಜಕುಮಾರಿ ತಲೆದೂಗಿ ಎರಡನೆಯದನ್ನು ಪಂಡಿತನಿಗೆ ಕೇಳಿದಳು. "ನೂರೆಂಟು ಅಣ್ಣತಮ್ಮಂದಿರು ಕೈಕೈ ಹಿಡಿದು ಸುತ್ತಿದಲ್ಲೇ ಸುತ್ತುತ್ತಾರೆ. ಮೊದಲನೆಯವನಿಲ್ಲ, ಕೊನೆಯವನಿಲ್ಲ. ಆದರೂ ಒಡೆಯನನ್ನು ಊರು ದಾಟಿಸುತ್ತಾರೆ."

"ನೂರೆಂಟೆಂದರೆ ಜಪಮಾಲೆಯೇ!"

"ಜಪಮಾಲೆ ಯಾರನ್ನು ಊರು ದಾಟಿಸೀತು, ಸ್ವಾಮಿ?" ಎಂದು ಅವಳು ನೊಂದು ನುಡಿದಳು. ಪಂಡಿತನೂ ಸೆರೆಗೆ ಹೋದ.

"ಸೈಕಲ್ ಚೈನು," ಎಂದ ಬೈರಲಿಂಗ.

"ಸರಿ. ಆ ಅಣ್ಣತಮ್ಮಂದಿರಿಗೆ ಈಗ ದಾಹ. ಎಣ್ಣೆ ಕುಡಿಸಿದರೆ ಹಗೆಯನ್ನೇ ಮೈಗಂಟಿಸಿಕೊಳ್ಳುತ್ತಾರೆ. ಕುಡಿಸದಿದ್ದರೆ ಸಾಯುತ್ತಾರೆ. ಉಳಿಸುವುದು ಹೇಗೆ?"

ಹಗೆಯೆಂದರೆ ಧೂಳು, ಅಷ್ಟು ಬೈರಲಿಂಗನಿಗೆ ತಿಳಿಯಿತು. ಮುಂದೆ ತೋಚಲಿಲ್ಲ. ಅರಸ ಭಟರತ್ತ ನೋಡಿದ. ಆಗ ಬೈರಲಿಂಗನಿಗೆ ಮೇಣ ನೆನಪಾಯಿತು. ಮಣ್ಣಿಗೆ ಬಿದ್ದ ಮೇಣದುಂಡೆಯನ್ನು ತಾನು ಎಷ್ಟೋ ಸಲ ಎತ್ತಿ ಒರೆಸಿದ್ದ. ಧೂಳು ಉದುರಿಬಿಡುತ್ತಿತ್ತು.

"ಮಾಡಿ ತೋರಿಸ್ತೀನಿ, ತಾಯಿ. ಅರಮನೆಯ ಮೇಣದಬತ್ತಿ ಕೊಡಿಸಿ, ಅದರ ಮೇಣ ಗಟ್ಟಿ. ಬರೀ ಜೇನುಮೇಣವಾದರೆ ಬಿಸಿಲಿಗೆ ಅಂಟಂಟಾಗುತ್ತೆ."

ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ. ಕುದಿವ ನೀರಿನೊಳಗೆ ಪಾತ್ರೆಯಿಟ್ಟು ಬತ್ತಿಗಳ ಜೊತೆ ಚಿಟಿಕೆ ಜೇನುಮೇಣ ಕರಗಿಸಿ ಚೈನು ಮುಳುಗಿಸಿದ. ಗುಳ್ಳೆಗಳು ಎದ್ದವು.

"ಸಂದಿಯ ಗಾಳಿ ಹೊರಗೆ ಬರ್ತಿದೆ, ಮೇಣ ಒಳಗೆ ಹೋಗ್ತಿದೆ."

ಗುಳ್ಳೆ ನಿಂತ ಮೇಲೆ ಎತ್ತಿ ತೂಗುಹಾಕಿ, ಆರಿದ ಬಳಿಕ ಒಂದೊಂದೇ ಕೊಂಡಿ ಆಡಿಸಿ ಸಡಿಲಿಸಿದ.

ಆ ಚೈನು ಹಾಕಿದ ಸೈಕಲ್ಲಿನಲ್ಲಿ ಸವಾರನೊಬ್ಬ ಗುಡ್ಡಕ್ಕೆ ಹೋಗಿ ಸಂಜೆಗೆ ಮರಳಿದ. ಮೈಯೆಲ್ಲ ಕೆಂಪು. ರಾಜಕುಮಾರಿ ಚೈನು ಒರೆಸಿದಳು. ಒಣಧೂಳು ಪುಡಿಪುಡಿಯಾಗಿ ಉದುರಿತು, ಚೈನು ಸದ್ದಿಲ್ಲದೆ ತಿರುಗಿತು.

"ಏನು ಬೇಕೋ ಕೇಳು," ಎಂದ ಅರಸ.

"ಸೆರೆಯಲ್ಲಿರೋರನ್ನೆಲ್ಲ ಬಿಟ್ಟುಬಿಡಿ, ಮಹಾಸ್ವಾಮಿ."

ಅರಸನ ಹುಬ್ಬು ಗಂಟಿಕ್ಕಿತು. "ಮಾತು ಕೊಟ್ಟಿದ್ದೀರಿ, ಅಪ್ಪಾಜಿ," ಎಂದಳು ಮಗಳು. ಅರಸ ಬೀಗದ ಕೈ ತರಿಸಿದ. ಬೈರಲಿಂಗನನ್ನು ಅರಮನೆಯ ಸೈಕಲ್ಲುಗಳಿಗೆಲ್ಲ ಮೇಸ್ತ್ರಿಯನ್ನಾಗಿಯೂ ಮಾಡಿದ.

ಅಣ್ಣ ಮನೆ ಸೇರಿದ. ಮರುದಿನ ಪಂಡಿತನೂ ಪಾಳೆಯಗಾರನ ಮಗನೂ ತಾವಾಗಿ ಬಂದು ಮೇಣದ ಪಾತ್ರೆಯ ಮುಂದೆ ಕುಳಿತು ಚೈನು ಅದ್ದಿದರು. ಗುಡ್ಡದೂರಿಗೆ ಔಷಧ ಅಂದು ಮಧ್ಯಾಹ್ನದೊಳಗೇ ಮುಟ್ಟಿತು.