ಸೂಲಗಿತ್ತಿಯ ಕೌದಿ

“ಗುರುಗಳೇ, ಮನೆಯ ಭಾರ ಇಳಿಸಿ ಇಲ್ಲಿಗೆ ಬಂದು ಒಂದು ವರ್ಷವಾಯಿತು. ಈಗ ನನ್ನ ಮೇಲೆ ಯಾವ ಹೊರೆಯೂ ಇಲ್ಲ. ಆದರೂ ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಏಕೆ ಬರುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ನಿದ್ದೆ ಸುಖ ಅರಿಯದು ಎಂದು ಗಾದೆ ಕಟ್ಟಿದವನಿಗೆ ಒಳ್ಳೆಯ ನಿದ್ದೆಯಿತ್ತೆಂದು ತೋರುತ್ತದೆ. ಕೂತುಕೋ” ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದ ಕೈ ಅವಳದು. ಒಮ್ಮೆ ನೇಕಾರರ ಮನೆಯಲ್ಲಿ ಒಂದು ಕೂಸು ಅವಳ ಕೈಯಲ್ಲೇ ತೀರಿಕೊಂಡಿತು. ತಪ್ಪು ಅವಳದಲ್ಲ. ಯಾರೂ ಅವಳನ್ನು ದೂರಲಿಲ್ಲ. ಆದರೆ ಅಂದಿನಿಂದ ಅವಳ ನಿದ್ದೆ ಹೋಯಿತು. ನಿದ್ದೆಯಿಲ್ಲದೆ ಕೈ ನಡುಗತೊಡಗಿತು. ಅದೇ ಹೊತ್ತಿಗೆ ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸುತ್ತ ಬೇರೆ ಸೂಲಗಿತ್ತಿ ಇರಲಿಲ್ಲ. ನಡುಗುವ ಕೈಯಿಂದ ಮಗಳ ಹೆರಿಗೆ ಮಾಡಿಸುವುದು ಹೇಗೆಂದು ಅವಳಿಗೆ ದಿಗಿಲಾಯಿತು.

ಬಿಟ್ಟಿ ಬುದ್ಧಿಗೆ ಯಾವ ಊರಿನಲ್ಲೂ ಬರವಿಲ್ಲ. ಮರೆತುಬಿಡು ಎಂದರು. ಮನಸ್ಸು ಹಗುರ ಮಾಡಿಕೋ ಎಂದರು. ಅವಳು ನೇಕಾರರ ಓಣಿಯನ್ನೇ ಬಿಟ್ಟು ಸುತ್ತುದಾರಿ ಹಿಡಿದಳು. ಮನಸ್ಸು ಹಗುರವಾಗಲಿಲ್ಲ, ಕಾಲು ನೋವು ಬಂತು ಅಷ್ಟೆ.

ಕೊನೆಗೆ ಕೌದಿ ಹೊಲಿಯುವ ಮುದುಕಿಯ ಹತ್ತಿರ ಹೋಗಿ ಅತ್ತಳು. ಮುದುಕಿ ಕೇಳಿದಳು:

“ಬೆಚ್ಚಿ ಬೀಳೋ ಕೂಸಿಗೆ ನೀ ಏನ್ ಮಾಡ್ತಿದ್ದಿ?”

“ಎದಿ ಮ್ಯಾಲ ಕೈ ಇಡ್ತಿದ್ದೆ, ಅವ್ವಾ. ಕೈ ಭಾರಕ್ಕ ಸುಮ್ಮನಾಗಿ ಮಲಗ್ತಿತ್ತು.”

“ಈಗ ನಿನಗೂ ಅಂಥ ಭಾರ ಬೇಕು. ನೀ ಹೆರಿಗಿ ಮಾಡಿಸಿದ ಮನಿಯಿಂದೆಲ್ಲ ಒಂದೊಂದು ಹಳೇ ಸೀರಿ ತಗೊಂಡು ಬಾ.”

ಸೂಲಗಿತ್ತಿ ಮನೆಮನೆ ತಿರುಗಿದಳು. ಕೇಳಿದವರೆಲ್ಲ ಕೊಟ್ಟರು. ಮುದುಕಿ ಪದರದ ಮೇಲೆ ಪದರ ಇಟ್ಟು ಹೊಲಿದಳು. ಇಬ್ಬರು ಹಿಡಿದು ಎತ್ತಬೇಕಾದ ಕೌದಿ ಅದು. ಹೊದ್ದುಕೊಂಡರೆ ಮೈ ನೆಲಕ್ಕೆ ಹತ್ತಿತು, ಉಸಿರು ನಿಧಾನವಾಯಿತು, ಕಣ್ಣು ಮುಚ್ಚಿತು. ಆದರೆ ಗಳಿಗೆ ಹೊತ್ತಿಗೆ ಬೆಚ್ಚಿ ಎದ್ದಳು. ಭಾರ ಸಾಲದು ಎಂದುಕೊಂಡು ಇನ್ನೊಂದು ಪದರ ಹಾಕಿಸಿದಳು. ಮತ್ತೊಂದು ಹಾಕಿಸಿದಳು. ಮಗ್ಗಲು ಬದಲಿಸಲೂ ಆಗದಷ್ಟು ಭಾರವಾಯಿತು. ನಿದ್ದೆ ಮಾತ್ರ ಗಳಿಗೆಗಿಂತ ಹೆಚ್ಚು ಉಳಿಯಲಿಲ್ಲ.

ನಾಲ್ಕನೆಯ ಸಲ ಬಂದಾಗ ಮುದುಕಿ ಸೂಜಿ ಕೆಳಗಿಟ್ಟಳು. “ಸೀರಿ ಕಡಿಮಿ ಆಗಿಲ್ಲವ್ವ, ಒಂದು ಮನಿ ಕಡಿಮಿ ಆಗೇತಿ” ಎಂದಳು.

ಸೂಲಗಿತ್ತಿ ನೇಕಾರರ ಓಣಿಗೆ ನಡೆದಳು. ಕೂಸು ಕಳೆದುಕೊಂಡ ತಾಯಿ ಬಾಗಿಲಲ್ಲೇ ಕೂತಿದ್ದಳು. ಸೂಲಗಿತ್ತಿ ಸೆರಗೊಡ್ಡಿ ನಿಂತಳು. ತಾಯಿ ಒಳಗೆ ಹೋಗಿ, ಕೂಸಿಗೆಂದು ಒಗೆದು ಮಡಿಸಿಟ್ಟಿದ್ದ ಹಳೆಯ ಬಟ್ಟೆಯೊಂದನ್ನು ತಂದು ಆ ಸೆರಗಿಗೆ ಹಾಕಿದಳು. “ಅವತ್ತು ನನ್ನ ಜೋಡಿ ಅತ್ತಾಕಿ ನೀ ಒಬ್ಬಾಕಿನ. ಮತ್ತ ಈ ಕಡೆ ಯಾಕ ಬರಲಿಲ್ಲ?” ಎಂದಳು. ಇಬ್ಬರೂ ಹೊಸ್ತಿಲ ಮೇಲೆ ಕೂತು ಅತ್ತರು.

ಅಂಗೈಯಗಲದ ಆ ಬಟ್ಟೆಯನ್ನು ಮುದುಕಿ ಕೌದಿಯ ನಟ್ಟನಡುವೆ, ಎದೆಯ ಮೇಲೆ ಬರುವ ಹಾಗೆ ಹೊಲಿದಳು. ಆಮೇಲೆ ಹಾಕಿಸಿದ್ದ ಹೆಚ್ಚಿನ ಪದರಗಳನ್ನು ಬಿಚ್ಚಿ ತೆಗೆದಳು. ಅಂದು ಮಲಗಿದ ಸೂಲಗಿತ್ತಿ ಅಂಗಳಕ್ಕೆ ಬಿಸಿಲು ಬಂದ ಮೇಲೆ ಎದ್ದಳು. ತಿಂಗಳು ತುಂಬಿದಾಗ ಮೊಮ್ಮಗಳನ್ನು ಎತ್ತಿಕೊಂಡ ಕೈ ನಡುಗಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾದಂತೆ ಕಂಡಿತು. “ಹಾಗಾದರೆ ನನಗೂ ಅಂಥದೊಂದು ಭಾರವಾದ ಕೌದಿ ಬೇಕು, ಗುರುಗಳೇ” ಎಂದ.

“ಹೊಲಿಸೋಣ. ಮನೆ ಬಿಟ್ಟ ದಿನ ನೀನು ಯಾರ ಮುಖ ನೋಡದೆ ಬಂದೆ, ಮೊದಲು ಅದನ್ನು ಹೇಳು” ಎಂದರು ಗುರುಗಳು.

ಶಿಷ್ಯನ ಕಣ್ಣು ತನ್ನ ಊರಿನ ದಾರಿಯ ಕಡೆ ಹೋಯಿತು.