ವ್ಯಾಯಾಮ ಸಂಘದ ಅಧ್ಯಕ್ಷ ಹೆಬ್ಬಾತು

ಮಕ್ಕಳೇ, ಬಯಲು ಸೀಮೆಯಲ್ಲಿ ಒಂದು ಅಗಲವಾದ ಕೆರೆ ಇತ್ತು. ಅದರ ಸುತ್ತ ಶೇಂಗಾ ಮತ್ತು ಕಡಲೆಯ ಹೊಲಗಳು, ಏರಿಯ ಮೇಲೆ ಜಾಲಿ ಮರಗಳು, ಏರಿಯ ಆಚೆ ಊರಿನವರ ಮದುವೆ ಮಂಟಪ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಆ ಕೆರೆಗೆ ಹೆಬ್ಬಾತುಗಳು ಬರುತ್ತಿದ್ದವು. ಬೂದು ಬಣ್ಣದ ದೊಡ್ಡ ಹಕ್ಕಿಗಳು ಅವು, ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಅವುಗಳ ಊರು ಹಿಮದ ಬೆಟ್ಟಗಳ ಆಚೆ. ಚಳಿಗಾಲವನ್ನು ಇಲ್ಲಿ ಕಳೆದು, ಶಿವರಾತ್ರಿಯ ಹೊತ್ತಿಗೆ ಅವು ಹೊರಟುಬಿಡಬೇಕು. ಬೇಸಿಗೆಯಲ್ಲಿ ಕೆರೆ ಒಣಗಿ, ತಳದ ಕೆಸರು ಬಿರುಕು ಬಿಡುತ್ತದೆ. ಆಮೇಲೆ ಅಲ್ಲಿ ನೀರು ಹಕ್ಕಿಗೆ ಜಾಗವಿಲ್ಲ.

ಆ ವರ್ಷ ಬಂದ ಹಿಂಡಿನಲ್ಲಿ ಗೀರಪ್ಪ ಎಂಬ ಹೆಬ್ಬಾತು ಇದ್ದ. ಜೊತೆಗೆ ಅವನ ಹೆಂಡತಿ ನೀಲವ್ವ, ಆ ವರ್ಷವಷ್ಟೇ ಹುಟ್ಟಿದ ಮಗಳು ಪುಟ್ಟಿ. ಬೆಟ್ಟ ದಾಟುವಾಗ ಅರ್ಧ ದಾರಿ ಹಿಂಡಿನ ಮುಂದೆ ನಿಂತು ಗಾಳಿ ಸೀಳಿದವನು ಗೀರಪ್ಪನೇ. ಕೆರೆಗೆ ಇಳಿದಾಗ ಅವನ ಮೈ ಒಣಗಿದ ಹಗ್ಗದಂತಿತ್ತು. ಅಷ್ಟರ ಮಟ್ಟಿಗೆ ಅವನಿಗೆ ಮುಂದೆ ಸಿಕ್ಕ ಹೊಗಳಿಕೆ ನ್ಯಾಯವಾದದ್ದೇ.

ಹೆಬ್ಬಾತುಗಳಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಬೆಳಕು ಹರಿದ ಕೂಡಲೇ ದೊಡ್ಡವರು ಕೆರೆಯನ್ನು ಹತ್ತು ಸುತ್ತು ಹಾರಬೇಕು, ಮರಿಗಳು ಐದು ಸುತ್ತು. ಹಗಲಿಗೆ ಕೆರೆಯ ಹುಲ್ಲು, ನೀರಿನ ಬೇರು. ಸಂಜೆಗೆ ಹೊಲದಲ್ಲಿ ಉದುರಿದ ಕಾಳು, ಅದೂ ಒಂದು ಮಿತಿಯಲ್ಲಿ. ಹೋಗುವ ದಾರಿಗೆ ಕೊಬ್ಬು ಬೇಕು, ಆದರೆ ಕೊಬ್ಬನ್ನು ಹೊತ್ತುಕೊಂಡು ಹೋಗಲು ರೆಕ್ಕೆಯೂ ಬೇಕು ಎಂದು ಹಿಂಡಿನ ಮುಂದಾಳು ಪ್ರತಿ ವರ್ಷ ಹೇಳುತ್ತಿದ್ದ. ಅದನ್ನು ಒಂದೇ ಸಲ ಹೇಳುತ್ತಿದ್ದ, ಭಾಷಣ ಮಾಡುತ್ತಿರಲಿಲ್ಲ.

ಬಂದ ಎಂಟನೆಯ ದಿನ ಏರಿಯ ಬಿಲದಿಂದ ಒಂದು ಹೆಗ್ಗಣ ಗೀರಪ್ಪನನ್ನು ಹುಡುಕಿಕೊಂಡು ಬಂತು. ಅದರ ಹೆಸರು ಬಿಲರಾಯ. ಕೆರೆಯ ಜೀವಿಗಳೆಲ್ಲ ಮೈಗಳ್ಳರಾಗಿದ್ದಾರೆ, ಎಮ್ಮೆ ಕೆಸರಿನಿಂದ ಏಳುವುದಿಲ್ಲ, ಕಪ್ಪೆಗಳು ನೆಗೆಯುವುದನ್ನೇ ಮರೆತಿವೆ, ಆದ್ದರಿಂದ ಒಂದು ವ್ಯಾಯಾಮ ಸಂಘ ಕಟ್ಟಿದ್ದೇವೆ ಎಂದು ಬಿಲರಾಯ ವಿವರಿಸಿದ. ಹಿಮದ ಬೆಟ್ಟ ದಾಟಿದ ಮಹನೀಯರೇ ಅದಕ್ಕೆ ಅಧ್ಯಕ್ಷರಾಗಬೇಕು ಎಂದು ಮೂತಿಯನ್ನು ನೆಲಕ್ಕೆ ಮುಟ್ಟಿಸಿ ಬೇಡಿಕೊಂಡ.

ಗೀರಪ್ಪ ಕತ್ತನ್ನು ಇನ್ನಷ್ಟು ಉದ್ದ ಮಾಡಿ ಒಪ್ಪಿಕೊಂಡ.

ಮರುದಿನ ಬೆಳಿಗ್ಗೆ ಉದ್ಘಾಟನೆ ನಡೆಯಿತು. ವ್ಯಾಯಾಮದ ಸಂಘವಲ್ಲವೇ, ಸಭೆಯೂ ಬೆಳಗಿನ ಹೊತ್ತಿಗೇ. ಕಪ್ಪೆಗಳ ಪ್ರಾರ್ಥನೆ ಆಯಿತು. ಬಿಲರಾಯ ಸ್ವಾಗತಿಸಿದ. ಕೆರೆಯ ಹಿರಿಯ ಆಮೆಯಜ್ಜನಿಗೆ ನಾಲ್ಕು ಮಾತು ಹೇಳಿ ಎಂದರೆ, ಅವನು ಎರಡೇ ಹೇಳಿ ಕುಳಿತ. ಗೀರಪ್ಪನ ಕೊರಳಿಗೆ ತಾವರೆಯ ಹಾರ ಬಿತ್ತು. ಅವನು ಒಂದು ಕಲ್ಲಿನ ಮೇಲೆ ಕುಳಿತುಕೊಂಡು, ದೇಹವನ್ನು ಹೇಗೆ ದಂಡಿಸಬೇಕು ಎಂಬುದನ್ನು ಬಿಸಿಲು ಏರುವ ತನಕ ವಿವರಿಸಿದ. ಎಮ್ಮೆ ಮಲಗಿಕೊಂಡೇ ತಲೆದೂಗಿತು. ಕೊನೆಗೆ ವಂದನಾರ್ಪಣೆ, ಆಮೇಲೆ ಲಘು ಉಪಾಹಾರ.

ಆ ಲಘು ಉಪಾಹಾರದಲ್ಲಿ ಏನೇನಿತ್ತು ಎಂದರೆ, ಬಿಲರಾಯ ಹೊಲದಿಂದ ಕದ್ದು ಕೂಡಿಟ್ಟ ಶೇಂಗಾ ಒಂದು ಗುಡ್ಡೆ, ಕಡಲೆ ಒಂದು ಗುಡ್ಡೆ, ಮದುವೆ ಮಂಟಪದ ಹಿಂದೆ ಎಸೆದಿದ್ದ ಬೂಂದಿ ಎರಡು ಗುಡ್ಡೆ. ಅಧ್ಯಕ್ಷರು ಮೊದಲು ತಿನ್ನಬೇಕು ಎಂಬುದು ಸಂಘದ ನಿಯಮ. ಅಧ್ಯಕ್ಷರು ಮೊದಲೂ ತಿಂದರು, ಕೊನೆಯಲ್ಲೂ ತಿಂದರು.

ಅಂದು ಗೀರಪ್ಪ ಹಾರಲಿಲ್ಲ. ಇಷ್ಟೊಂದು ಜನಕ್ಕೆ ವ್ಯಾಯಾಮದ ಬಗ್ಗೆ ಹೇಳಿಕೊಟ್ಟದ್ದು ಹಾರಿದ್ದಕ್ಕಿಂತ ಹೆಚ್ಚಲ್ಲವೇ ಎಂದು ಹೆಂಡತಿಯನ್ನು ಕೇಳಿದ. ನೀಲವ್ವ ಪುಟ್ಟಿಯ ರೆಕ್ಕೆ ತೀಡುತ್ತ ಕುಳಿತಳು.

ಮರುದಿನವೂ ಅವನು ಹಾರಲಿಲ್ಲ, ಹೊಟ್ಟೆ ಭಾರವಾಗಿತ್ತು. ಅದರ ಮರುದಿನ ಮಂಜು ಕವಿದಿತ್ತು. ಅದರ ಮರುದಿನ ಮಂಜೂ ಇರಲಿಲ್ಲ, ಹೊಟ್ಟೆಯೂ ಹಗುರವಾಗಿತ್ತು, ಆದರೆ ಮನಸ್ಸು ಬರಲಿಲ್ಲ.

ಮನಸ್ಸು ಬಾರದ್ದನ್ನು ಗೀರಪ್ಪ ಸಂಘದಲ್ಲಿ ಹೇಳಿಕೊಂಡ. ಸಂಘಕ್ಕೆ ಅದು ಬಹಳ ಹಿಡಿಸಿತು. ಅಧ್ಯಕ್ಷರ ಮನಸ್ಸನ್ನು ಹುರಿದುಂಬಿಸಲು ಎರಡನೆಯ ಸಭೆ ಕರೆದರು. ಅಲ್ಲಿ ಗೀರಪ್ಪ, ಬರುವ ಹುಣ್ಣಿಮೆಯಿಂದ ದಿನಕ್ಕೆ ಹನ್ನೆರಡು ಸುತ್ತು ಹಾರುತ್ತೇನೆ ಎಂದು ಸಂಕಲ್ಪ ಮಾಡಿದ. ಹತ್ತಲ್ಲ, ಹನ್ನೆರಡು. ಕಪ್ಪೆಗಳು ಕೆರೆ ಅದುರುವಂತೆ ಕೂಗಿದವು. ಹಾರಿದ ದಿನಗಳಲ್ಲಿ ಯಾರೂ ಹೀಗೆ ಕೂಗಿರಲಿಲ್ಲ. ಆಮೇಲೆ ಶೇಂಗಾ, ಕಡಲೆ, ಬೂಂದಿ.

ಹುಣ್ಣಿಮೆ ಬಂತು, ಹೋಯಿತು. ಮೂರನೆಯ ಸಭೆಯಲ್ಲಿ, ಇಷ್ಟು ಕಠಿಣ ಸಂಕಲ್ಪ ಮಾಡಿದ್ದಕ್ಕಾಗಿ ಗೀರಪ್ಪನಿಗೆ ಸನ್ಮಾನ ಮಾಡಿದರು. ನಾಲ್ಕನೆಯ ಸಭೆಯಲ್ಲಿ, ಸಂಕಲ್ಪ ಯಾಕೆ ಶುರುವಾಗಲಿಲ್ಲ ಎಂದು ತಿಳಿಯಲು ಒಂದು ಸಮಿತಿ ಮಾಡಿದರು. ಬೆಳಗಿನ ಹೊತ್ತು ಹಾರುವುದಕ್ಕೆ ತಕ್ಕದ್ದಲ್ಲ ಎಂದು ಐದನೆಯ ಸಭೆಯಲ್ಲಿ ಸಮಿತಿ ವರದಿ ಕೊಟ್ಟಿತು. ಆ ಸಮಿತಿಯಲ್ಲಿ ಎಮ್ಮೆ ಇತ್ತು, ಹೆಗ್ಗಣ ಇತ್ತು. ರೆಕ್ಕೆ ಇದ್ದವರು ಒಬ್ಬರೂ ಇರಲಿಲ್ಲ. ಪ್ರತಿ ಸಭೆಯ ಕೊನೆಯಲ್ಲೂ ಲಘು ಉಪಾಹಾರವಂತೂ ಇತ್ತು.

ನೀಲವ್ವ ಮಾತ್ರ ದಿನವೂ ಬೆಳಕಿಗೆ ಮುಂಚೆ ಏಳುತ್ತಿದ್ದಳು. ಅವಳಿಗೇನು ದಿನವೂ ಉತ್ಸಾಹ ಉಕ್ಕುತ್ತಿತ್ತು ಎಂದುಕೊಳ್ಳಬೇಡಿ. ಚಳಿಯಲ್ಲಿ ರೆಕ್ಕೆ ಬಿಚ್ಚುವುದು ಅವಳಿಗೂ ಬೇಸರವೇ. ಪುಷ್ಯ ಮಾಸದ ಒಂದು ಬೆಳಿಗ್ಗೆ ಅವಳು ಒಂದೇ ಸುತ್ತು ಹಾರಿ ನೀರಿಗೆ ಇಳಿದಳು. ಹುಲ್ಲಿನಲ್ಲಿ ಮಲಗಿದ್ದ ಗೀರಪ್ಪ ಅದನ್ನು ನೋಡಿ ನಕ್ಕ.

"ಒಂದು ಸುತ್ತೇ? ಅದಕ್ಕೆ ಇಷ್ಟು ಬೇಗ ಏಳಬೇಕಿತ್ತೇ?"

"ಮನಸ್ಸು ಇದ್ದ ದಿನ ಹತ್ತು, ಇಲ್ಲದ ದಿನ ಒಂದು," ಎಂದಳು ನೀಲವ್ವ. "ಮನಸ್ಸಿಗೆ ಕಾಯುತ್ತ ಕುಳಿತರೆ ಶಿವರಾತ್ರಿ ಕಾಯುವುದಿಲ್ಲರೀ."

"ನಾನು ಹಾರಿದರೆ ಹನ್ನೆರಡೇ ಹಾರುವವನು. ಒಂದು, ಎರಡು ನನ್ನ ಸಂಕಲ್ಪಕ್ಕೆ ಅವಮಾನ."

ನೀಲವ್ವ ಅವನ ಹೊಟ್ಟೆಯನ್ನು ನೋಡಿದಳು. ಅದು ಹುಲ್ಲನ್ನು ಒತ್ತಿ ಎರಡೂ ಕಡೆ ಹರಡಿತ್ತು. ಪುಟ್ಟಿಗೆ ಇದು ಮೊದಲ ಮರುಪಯಣ, ಬೆಟ್ಟದ ಗಾಳಿಯಲ್ಲಿ ಅಪ್ಪನ ರೆಕ್ಕೆಯ ಮರೆ ಬೇಕು ಎಂದು ಅವಳು ಮೆಲ್ಲಗೆ ನೆನಪಿಸಿದಳು. ಅದಕ್ಕೇ ಅಲ್ಲವೇ ತಿಂದು ಶಕ್ತಿ ಕೂಡಿಡುತ್ತಿರುವುದು ಎಂದು ಗೀರಪ್ಪ ಉತ್ತರ ಕೊಟ್ಟ. ಅವನ ಬಳಿ ಎಲ್ಲದಕ್ಕೂ ಉತ್ತರ ಇತ್ತು.

ಸಂಕ್ರಾಂತಿಯಿಂದ ಶುರು ಎಂದ, ಆಗಲಿಲ್ಲ. ರಥಸಪ್ತಮಿಯಂದು ಸೂರ್ಯ ದಿಕ್ಕು ಬದಲಿಸುತ್ತಾನೆ, ಅಂದಿನಿಂದ ಶುರು ಎಂದ. ಸೂರ್ಯ ತನ್ನ ಕೆಲಸ ಮಾಡಿದ, ಗೀರಪ್ಪ ಮಾಡಲಿಲ್ಲ. ಪ್ರತಿ ಹೊಸ ದಿನಾಂಕಕ್ಕೂ ಒಂದು ಸಭೆ, ಒಂದು ಹಾರ, ಒಂದು ಗುಡ್ಡೆ ಬೂಂದಿ. ಹೊರಡುವ ಹಿಂದಿನ ದಿನ ಹದಿನಾಲ್ಕನೆಯ ಸಭೆ ನಡೆಯಿತು. ಅಲ್ಲಿ ಅವನಿಗೆ 'ವ್ಯಾಯಾಮ ಭೂಷಣ' ಎಂಬ ಬಿರುದು ಕೊಟ್ಟರು. ಕಲ್ಲು ಹತ್ತಲು ಆಗದ್ದರಿಂದ ಭೂಷಣರು ಕೆಳಗೇ ನಿಂತು ಬಿರುದು ಸ್ವೀಕರಿಸಿದರು.

ಮರುದಿನ ಬೆಳಿಗ್ಗೆ ತೆಂಕಣ ಗಾಳಿ ಬೀಸಿತು. ಮುಂದಾಳು ಕೂಗು ಹಾಕಿದ. ಹಿಂಡು ನೀರಿನ ಮೇಲೆ ಓಡಿ, ರೆಕ್ಕೆ ಬಡಿದು, ಸಾಲು ಸಾಲಾಗಿ ಮೇಲೆದ್ದಿತು. ಪುಟ್ಟಿ ಎದ್ದಳು. ನೀಲವ್ವ ಎದ್ದಳು.

ಗೀರಪ್ಪನೂ ಓಡಿದ. ಅರ್ಧ ಕೆರೆ ಓಡಿದ. ನೀರು ಎರಡೂ ಬದಿಗೆ ಚಿಮ್ಮಿತು, ಅವನ ಹೊಟ್ಟೆ ಮಾತ್ರ ನೀರನ್ನು ಬಿಡಲಿಲ್ಲ. ಎರಡನೆಯ ಸಲ ಓಡಿದಾಗ ಒಂದು ಮೊಳ ಎದ್ದು ಕೆಸರಿಗೆ ಬಿದ್ದ. ದಡದಲ್ಲಿ ಸೇರಿದ್ದ ಸಂಘದವರು ಬಿದ್ದದ್ದಕ್ಕೂ ಕೂಗಿ ಹುರಿದುಂಬಿಸಿದರು. ಮೂರನೆಯ ಸಲ ಅವನಿಗೆ ಓಡಲು ಉಸಿರೇ ಉಳಿದಿರಲಿಲ್ಲ.

ಹಿಂಡು ತಿರುಗಿ ಬಂದು ನೀರಿಗೆ ಇಳಿಯಿತು. ಮುಂದಾಳು ಎರಡು ದಿನ ಕಾದ. ಎರಡು ದಿನವೂ ಗೀರಪ್ಪ ಒಂದು ಮೊಳಕ್ಕಿಂತ ಮೇಲೆ ಏಳಲಿಲ್ಲ. ಮೂರನೆಯ ಬೆಳಿಗ್ಗೆ ಮುಂದಾಳು ನೀಲವ್ವನ ಹತ್ತಿರ ಬಂದ. ಈ ಗಾಳಿ ತಪ್ಪಿದರೆ ಮರಿಗಳು ಬೆಟ್ಟ ದಾಟಲಾರವು, ಇಂದು ಹೊರಡಲೇಬೇಕು, ಉಳಿಯುವುದೂ ಬರುವುದೂ ನಿನಗೆ ಬಿಟ್ಟದ್ದು ಎಂದು ತಲೆ ತಗ್ಗಿಸಿ ಹೇಳಿದ.

ನೀಲವ್ವ ಗಂಡನ ಬಳಿಗೆ ಹೋದಳು. ಹೆಬ್ಬಾತುಗಳು ಬದುಕಿನಲ್ಲಿ ಒಂದೇ ಸಲ ಜೋಡಿಯಾಗುತ್ತವೆ.

"ನೀವು ಮುಂದೆ ಹೋಗಿರಿ," ಎಂದ ಗೀರಪ್ಪ. "ನಾನು ನಾಳೆಯಿಂದಲೇ ಶುರು ಮಾಡುತ್ತೇನೆ, ನೀಲಾ. ಹತ್ತು ದಿನದಲ್ಲಿ ನಿಮ್ಮನ್ನು ಹಿಡಿಯುತ್ತೇನೆ. ಇದು ನನ್ನ ಸಂಕಲ್ಪ."

"ಈ ಮಾತನ್ನು ಸಂಘದಲ್ಲಿ ಹೇಳಿ," ಎಂದಳು ನೀಲವ್ವ. "ಅಲ್ಲಿ ಹಾರ ಹಾಕುತ್ತಾರೆ. ನನ್ನ ಹತ್ತಿರ ಹೇಳಬೇಡಿ. ನಾನು ಇದನ್ನು ಮೂರು ತಿಂಗಳು ನಂಬಿದೆ."

ಆಮೇಲೆ ಅವಳು ಅವನ ಕೊರಳ ಮೇಲೆ ಒಂದು ಗಳಿಗೆ ತನ್ನ ಕೊರಳನ್ನು ಇಟ್ಟಳು. ಪುಟ್ಟಿಯನ್ನು ಕರೆದುಕೊಂಡು ಹಿಂಡು ಸೇರಿದಳು.

ಮುಂದಿನ ದೀಪಾವಳಿ ಕಳೆದ ಮೇಲೆ ಹೆಬ್ಬಾತುಗಳು ಮತ್ತೆ ಬಂದವು. ಕೆರೆ ತುಂಬಿತ್ತು. ಪುಟ್ಟಿ ಈಗ ತಾಯಿಯಷ್ಟೇ ಎತ್ತರವಾಗಿದ್ದಳು. ನೀಲವ್ವ ಇಳಿದವಳೇ ಕೆರೆಯ ಒಂದು ದಡದಿಂದ ಇನ್ನೊಂದು ದಡದ ತನಕ ಈಜಿ ನೋಡಿದಳು. ಕೊನೆಗೆ ಆಮೆಯಜ್ಜ ಸಿಕ್ಕಿದ. ಅವಳು ಕೇಳುವ ಮೊದಲೇ ಅವನು ಹೇಳತೊಡಗಿದ.

ಹಿಂಡು ಹೋದ ದಿನವೇ ಸಂಘದವರು ಗೀರಪ್ಪನನ್ನು ಸಭೆಗೆ ಕರೆದರಂತೆ. ಅಧ್ಯಕ್ಷರು ಇನ್ನು ಇಲ್ಲೇ ಕಾಯಂ ಎಂದು ಅವರಿಗೆ ಸಂತೋಷ. ಗೀರಪ್ಪ ಹೋಗಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲು ನೀರಿನ ಮೇಲೆ ಒಬ್ಬನೇ ಓಡುವ ಸದ್ದು ಆಮೆಯಜ್ಜನಿಗೆ ಕೇಳಿಸಿತು. ಅದರ ಮರುದಿನವೂ ಕೇಳಿಸಿತು. ಬಿಲರಾಯ ಬೂಂದಿ ತಂದು ಇಟ್ಟರೆ ಅದಕ್ಕೆ ಬೆನ್ನು ತಿರುಗಿಸಿ ಬರೀ ಹುಲ್ಲು ತಿಂದ. ಯಾರಿಗೂ ಏನೂ ಹೇಳಲಿಲ್ಲ. ಹನ್ನೊಂದನೆಯ ದಿನ ಏರಿಯಷ್ಟು ಎತ್ತರ ಎದ್ದ.

"ಹನ್ನೆರಡನೆಯ ದಿನ ಊರ ನಾಯಿಗಳು ಬಂದವು, ತಾಯಿ," ಎಂದ ಆಮೆಯಜ್ಜ. "ನೀರು ಆಗಲೇ ನಡುವಿನ ಗುಂಡಿಗೆ ಇಳಿದಿತ್ತು. ಓಡುವುದಕ್ಕೆ ಜಾಗ ಸಾಲಲಿಲ್ಲ. ಇನ್ನು ನಾಲ್ಕು ಬೆಳಗು ಸಿಕ್ಕಿದ್ದರೆ ಬತ್ತದ ದೊಡ್ಡ ಹೊಳೆಯ ತನಕವಾದರೂ ಹಾರಿಬಿಡುತ್ತಿದ್ದ."

ನೀಲವ್ವ ಒಂದೇ ಮಾತು ಕೇಳಿದಳು.

"ಸಭೆಗಳು ಎಷ್ಟಾಗಿದ್ದವು, ಅಜ್ಜ?"

"ಹದಿನಾಲ್ಕು. ಹದಿನಾಲ್ಕು ಬೆಳಗು."

ಅಷ್ಟರಲ್ಲಿ ಬಿಲರಾಯ ಏರಿ ಇಳಿದು ಬಂದ. ಗೀರಪ್ಪನವರ ನಿಧನಕ್ಕೆ ಸಂಘ ಆಗಲೇ ಸಂತಾಪ ಸೂಚಿಸಿದೆ, ಎಲ್ಲರೂ ತುಂಬ ಚೆನ್ನಾಗಿ ಮಾತಾಡಿದರು, ಉಪಾಹಾರವೂ ಚೆನ್ನಾಗಿತ್ತು ಎಂದು ತಿಳಿಸಿದ. ಈ ವರ್ಷದಿಂದ ಸಂಘಕ್ಕೆ ಅವರದೇ ಹೆಸರು ಇಡುತ್ತೇವೆ ಎಂದ.

"ನಾಳೆ ಬೆಳಿಗ್ಗೆಯೇ ನಾಮಕರಣದ ಸಮಾರಂಭ, ಅಮ್ಮಾ. ಅಧ್ಯಕ್ಷತೆ ನೀವೇ ವಹಿಸಬೇಕು. ನಿಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ?"

ನೀಲವ್ವ ಪುಟ್ಟಿಯ ಕಡೆ ನೋಡಿದಳು. ಆಮೇಲೆ ಹೆಗ್ಗಣದ ಕಡೆ ತಿರುಗಿದಳು.

"ಬೆಳಿಗ್ಗೆ ನಮಗೆ ಕೆಲಸ ಇದೆ," ಎಂದಳು.

ನೀತಿ: ಸಂಕಲ್ಪಕ್ಕೆ ಚಪ್ಪಾಳೆ ತಟ್ಟಲು ಊರೆಲ್ಲ ಬರುತ್ತದೆ, ದೇಹ ಮಾತ್ರ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ದಿನವೂ ಮಾಡಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ.